ಹಳೇ ಮಷಿನ್ನಿಗೆ ಮರುಜೀವ: ಗಡಿ ಹುಡುಗರಿಗೆ ಹೊಸ ಕಸುಬು

ಜಹೀರಾಬಾದ್: ‘ಬೋರ್ಡ್ ಹೋಗ್ಯಾದ್ರಿ, ಬದಲಿ ಮಾಡ್ಬೇಕು.’

ಟಿ.ವಿ. ಕೆಟ್ಟರೂ ಇದೇ ಮಾತು, ಇನ್ವರ್ಟರ್ ಕೆಟ್ಟರೂ ಇದೇ ಮಾತು. ಬೋರ್‌ವೆಲ್ಲಿನ ಆಟೊ ಸ್ಟಾರ್ಟರ್, ಕಿರಾಣಿ ಅಂಗಡಿಯ ತೂಕದ ಮಷಿನ್ನು, ಎಲ್‌ಇಡಿ ಬಲ್ಬು, ಮನೆಯ ಕರೆಂಟ್ ಮೀಟರ್ ಎಲ್ಲದರ ಹೊಟ್ಟೆಯಲ್ಲೂ ಒಂದು ಹಸಿರು ಹಲಗೆ ಇರುತ್ತದೆ. ಅದೇ ಸರ್ಕೀಟ್ ಬೋರ್ಡು. ಜಹೀರಾಬಾದ್, ನಾರಾಯಣಖೇಡ, ತಾಂಡೂರು ಪೇಟೆಗಳಲ್ಲಿ ಇದನ್ನು ಬದಲಿಸುವವರಿದ್ದಾರೆ, ರಿಪೇರಿ ಮಾಡುವವರೂ ಇದ್ದಾರೆ. ಆದರೆ ಆ ಹಲಗೆಯ ಮೇಲೆ ಸಾಸಿವೆ ಕಾಳಿನಂಥ ಬಿಡಿಭಾಗಗಳನ್ನು ಸಾಲಾಗಿ ಕೂರಿಸಿದ್ದು ಯಾರು ಎಂದು ಕೇಳಿದರೆ ಹೆಚ್ಚಿನವರ ಬಳಿ ಉತ್ತರವಿಲ್ಲ.

ಕೂರಿಸುವುದು ಮಷಿನ್ನು. ಕಾರ್ಖಾನೆಗಳಲ್ಲಿ ಅದಕ್ಕೆ ‘ಪಿಕ್ ಆ್ಯಂಡ್ ಪ್ಲೇಸ್’ ಎಂದು ಹೆಸರು. ಎತ್ತುವುದು, ಇಡುವುದು ಇಷ್ಟೇ ಅದರ ಕೆಲಸ. ಹೊಸದು ಕೊಳ್ಳಬೇಕೆಂದರೆ ಲಕ್ಷಗಟ್ಟಲೆಯಿಂದ ಹಿಡಿದು ಕೋಟಿವರೆಗೂ ಬೆಲೆ. ಹೀಗಾಗಿ ಬೆಂಗಳೂರು, ಹೈದರಾಬಾದ್‌ನಂಥ ನಗರಗಳ ಸಣ್ಣ ಜೋಡಣಾ ಘಟಕಗಳಿಗೆ ಸೆಕೆಂಡ್ ಹ್ಯಾಂಡ್ ಮಷಿನ್ನೇ ಆಧಾರ. ಹದಿನೈದು, ಇಪ್ಪತ್ತು ವರ್ಷ ದುಡಿದ ಇಂಥ ಮಷಿನ್ನನ್ನು ಕೆಡದಂತೆ ನೋಡಿಕೊಳ್ಳುವುದು, ಕೆಟ್ಟರೆ ಎಬ್ಬಿಸುವುದು, ಬೇಕಾದಂತೆ ಮಾರ್ಪಡಿಸುವುದು ಒಂದು ಕಸುಬು. ಗಡಿ ಭಾಗದ ಐಟಿಐ, ಡಿಪ್ಲೊಮಾ ಹುಡುಗರು ಗಮನ ಹರಿಸಬೇಕಾದ ಕಸುಬು ಇದು.

ಇದಕ್ಕೆ ಕಾರಣವೂ ಇದೆ. ಕೇಂದ್ರ ಸಚಿವ ಸಂಪುಟ 2024ರ ಆಗಸ್ಟ್ 28ರಂದು ಒಪ್ಪಿಗೆ ನೀಡಿದ 12 ಕೈಗಾರಿಕಾ ನಗರಗಳ ಪಟ್ಟಿಯಲ್ಲಿ ಜಹೀರಾಬಾದ್ ಹೆಸರೂ ಸೇರಿದೆ. ನ್ಯಾಲ್‌ಕಲ್, ಝರಾಸಂಗಮ್ ಮಂಡಲಗಳ ಜಮೀನು ಇದರ ವ್ಯಾಪ್ತಿಗೆ ಬರುತ್ತದೆ. ಕಾರ್ಖಾನೆ ಬಂದಾಗ ಜಮೀನು ಕೊಟ್ಟವರ ಮಕ್ಕಳಿಗೆ ಸಿಗುವುದು ಗೇಟಿನ ವಾಚ್‌ಮನ್ ಕೆಲಸವೋ, ಒಳಗಿನ ಮಷಿನ್ ಕೆಲಸವೋ? ಪ್ರಶ್ನೆ ಇರುವುದು ಇಲ್ಲೇ.

ಮಷಿನ್ ಒಳಗೆ ಏನಿದೆ?

1980ರ ದಶಕದವರೆಗೆ ಬಹುತೇಕ ಬಿಡಿಭಾಗಗಳಿಗೆ ತಂತಿಯ ಕಾಲುಗಳಿದ್ದವು. ಬೋರ್ಡಿನ ತೂತಿನಲ್ಲಿ ಕಾಲು ಇಳಿಸಿ, ಹಿಂಬದಿಯಿಂದ ಬೆಸುಗೆ ಹಾಕಿದರೆ ಕೆಲಸ ಮುಗಿಯುತ್ತಿತ್ತು. ಆಮೇಲೆ ಕಾಲಿಲ್ಲದ, ಮೇಲ್ಮೈಗೇ ಅಂಟುವ ಬಿಡಿಭಾಗಗಳು ಬಂದವು. ಈಗ ಸಾಮಾನ್ಯವಾದ ‘0603’ ಅಳತೆಯ ರೆಸಿಸ್ಟರ್ 1.6 ಮಿ.ಮೀ. ಉದ್ದ, 0.8 ಮಿ.ಮೀ. ಅಗಲ. ‘0402’ ಇನ್ನೂ ಸಣ್ಣದು, 1 ಮಿ.ಮೀ. ಉದ್ದ, ಅರ್ಧ ಮಿ.ಮೀ. ಅಗಲ. ಸೀನಿದರೆ ಹಾರಿಹೋಗುವಷ್ಟು ಹಗುರ.

ಇವು ಬರುವುದು ಸಿನಿಮಾ ರೀಲಿನಂತೆ ಸುತ್ತಿದ 8 ಮಿ.ಮೀ. ಅಗಲದ ಪಟ್ಟಿಯಲ್ಲಿ. 0603 ರೆಸಿಸ್ಟರ್ ಆದರೆ ಒಂದು ರೀಲಿಗೆ ಸಾಮಾನ್ಯವಾಗಿ 5000. ‘ಫೀಡರ್’ ಎಂಬ ಸಾಧನ ಪಟ್ಟಿಯನ್ನು ಒಂದೊಂದೇ ಹೆಜ್ಜೆ ಮುಂದೆ ಎಳೆದು, ಮೇಲಿನ ತೆಳು ಪೊರೆ ಸುಲಿದು ಬಿಡಿಭಾಗವನ್ನು ಬಯಲಿಗೆ ತರುತ್ತದೆ. ಮಷಿನ್ನಿನ ತಲೆಯಲ್ಲಿರುವ ‘ನಾಝಲ್’ ಎಂಬ ಸಣ್ಣ ಕೊಳವೆ ಕೆಳಗಿಳಿದು, ಗಾಳಿ ಎಳೆದು ಅದನ್ನು ಎತ್ತಿಕೊಳ್ಳುತ್ತದೆ. ಮಾವಿನ ರಸ ಹೀರುವ ಸ್ಟ್ರಾ ತುದಿಗೆ ಕಾಗದದ ಚೂರು ಅಂಟಿಕೊಳ್ಳುವುದಿಲ್ಲವೇ, ಹಾಗೆ. ಬೋರ್ಡಿನ ಮೇಲೆ ಮೊದಲೇ ಹಚ್ಚಿದ ಬೆಸುಗೆಯ ಪೇಸ್ಟ್ ಮೇಲೆ ಅದನ್ನು ಇಟ್ಟು ಮತ್ತೆ ಓಡುತ್ತದೆ.

ಬೋರ್ಡ್ ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಅದರ ಮೂಲೆಗಳಲ್ಲಿ ತಾಮ್ರದ ಪುಟ್ಟ ಚುಕ್ಕೆಗಳಿರುತ್ತವೆ. ಕ್ಯಾಮೆರಾ ಆ ಚುಕ್ಕೆ ನೋಡಿ ಲೆಕ್ಕ ಸರಿಪಡಿಸಿಕೊಳ್ಳುತ್ತದೆ. ಕೊನೆಗೆ ಬೋರ್ಡ್ ಒಲೆಯೊಳಗೆ ಹೋಗುತ್ತದೆ. ಸೀಸ ಬೆರೆತ ಹಳೇ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ, ಸೀಸವಿಲ್ಲದ ಬೆಸುಗೆಗೆ 217 ಡಿಗ್ರಿ ದಾಟಬೇಕು. ಯುರೋಪಿನಲ್ಲಿ 2006ರ ಜುಲೈ 1ರಿಂದ ಸೀಸಕ್ಕೆ ನಿರ್ಬಂಧ ಬಿದ್ದ ಮೇಲೆ ಅನೇಕ ಹಳೇ ಒಲೆಗಳು ಈ ಹೆಚ್ಚಿನ ಶಾಖಕ್ಕೆ ಏದುಸಿರು ಬಿಡತೊಡಗಿದವು.

ಕೆಡುವುದು ಎಲ್ಲಿ?

ಹಳೇ ಮಷಿನ್ ‘ಬಿಡಿಭಾಗ ಎತ್ತುತ್ತಿಲ್ಲ’ ಎಂದರೆ ಹೊಸಬರು ಮೊದಲು ಕಂಪ್ಯೂಟರ್ ಮೇಲೆ ಸಂಶಯ ಪಡುತ್ತಾರೆ. ಅನುಭವಿಗಳು ನೋಡುವುದು ಗಾಳಿಯ ದಾರಿಯನ್ನು. ನಾಝಲ್ ತುದಿಗೆ ಪೇಸ್ಟ್ ಮೆತ್ತಿರಬಹುದು, ಒಳಗಿನ ಪುಟ್ಟ ಫಿಲ್ಟರ್ ಧೂಳಿನಿಂದ ಕಟ್ಟಿರಬಹುದು, ರಬ್ಬರ್ ಪೈಪು ಬಿರುಕು ಬಿಟ್ಟಿರಬಹುದು. ಎಳೆತ ಕಡಿಮೆಯಾದರೆ ಬಿಡಿಭಾಗ ಅರ್ಧ ದಾರಿಯಲ್ಲೇ ಬೀಳುತ್ತದೆ. ಕಲ್ಲು ಪಾಲಿಶ್‌ಗೆ ಹೆಸರಾದ ತಾಂಡೂರಿನಂಥ ಊರಲ್ಲಿ ಇಂಥ ಮಷಿನ್ ಇಟ್ಟರೆ ಮೊದಲ ಶತ್ರು ಕಲ್ಲಿನ ಧೂಳೇ. ಬಾಗಿಲು ಮುಚ್ಚಿದ ಕೋಣೆ, ಫಿಲ್ಟರ್ ಹಾಕಿದ ಗಾಳಿ, ನೀರಿನಂಶ ತೆಗೆದ ಕಂಪ್ರೆಸರ್ ಇಲ್ಲದೆ ನಡೆಯುವುದೇ ಇಲ್ಲ.

ಎರಡನೆಯದು ಫೀಡರ್. ಮಷಿನ್ ಒಂದೇ ಇದ್ದರೂ ಫೀಡರ್ ಹತ್ತಾರು. ಸ್ಪ್ರಿಂಗ್ ಸಡಿಲಾದರೆ, ಹಲ್ಲಿನ ಚಕ್ರ ಸವೆದರೆ ಪಟ್ಟಿ ಅರ್ಧ ಹೆಜ್ಜೆ ಹಾಕಿ ನಿಲ್ಲುತ್ತದೆ. ನಾಝಲ್ ಬಿಡಿಭಾಗದ ನಡುಮಧ್ಯ ಹಿಡಿಯುವ ಬದಲು ಅಂಚು ಹಿಡಿಯುತ್ತದೆ. ಪ್ರತಿ ಫೀಡರಿಗೆ ನಂಬರ್ ಬರೆದು, ಯಾವುದು ಎಷ್ಟು ಸಲ ತಪ್ಪಿತು ಎಂದು ವಹಿಯಲ್ಲಿ ಗುರುತು ಹಾಕಿಕೊಂಡರೆ ಕಳ್ಳ ತಾನೇ ಸಿಕ್ಕಿಬೀಳುತ್ತಾನೆ.

ಮೂರನೆಯದು ಹಲ್ಲಿಲ್ಲದ ಅಜ್ಜನಂಥ ಕಂಪ್ಯೂಟರ್. 1990ರ ದಶಕದ ಅನೇಕ ಮಷಿನ್‌ಗಳು ಡಾಸ್ ಅಥವಾ ಹಳೇ ವಿಂಡೋಸ್ ಮೇಲೆ ನಡೆಯುತ್ತವೆ. ಪ್ರೋಗ್ರಾಂ ಹಾಕುವುದು ಫ್ಲಾಪಿಯಿಂದ. ಹಾರ್ಡ್ ಡಿಸ್ಕ್ ಸತ್ತರೆ ಇಡೀ ಮಷಿನ್ ಗುಜರಿ ಪಾಲು. ಆದ್ದರಿಂದ ಹಳೇ ಮಷಿನ್ ಅಂಗಳಕ್ಕೆ ಬಂದ ದಿನವೇ ಮಾಡಬೇಕಾದ ಮೊದಲ ಕೆಲಸ ಡಿಸ್ಕಿನ ನಕಲು ತೆಗೆದಿಡುವುದು. ಫ್ಲಾಪಿ ಡ್ರೈವ್ ಜಾಗದಲ್ಲಿ ಪೆನ್‌ಡ್ರೈವ್ ಒಪ್ಪುವ ಬದಲಿ ಸಾಧನ, ಹಾರ್ಡ್ ಡಿಸ್ಕ್ ಜಾಗದಲ್ಲಿ ಮೆಮೊರಿ ಕಾರ್ಡ್ ಹಾಕುವುದು ಈಗ ಎಲ್ಲರೂ ಮಾಡುವ ಮಾರ್ಪಾಡು.

ಕೆಲವು ಮಷಿನ್‌ಗಳಲ್ಲಿ ಒಂದು ಸಣ್ಣ ಲೀಥಿಯಂ ಸೆಲ್ ಇರುತ್ತದೆ. ಕರೆಂಟ್ ಹೋದಾಗಲೂ ಮಷಿನ್ನಿನ ಅಳತೆಗಳನ್ನು ನೆನಪಿಡುವುದು ಅದೇ. ಸೆಲ್ ಖಾಲಿಯಾದರೆ ಮಷಿನ್ ತನ್ನ ಮನೆ ಯಾವುದೆಂಬುದನ್ನೇ ಮರೆಯುತ್ತದೆ! ಕಡಿಮೆ ಬೆಲೆಯ ಸೆಲ್ ಸಕಾಲಕ್ಕೆ ಬದಲಿಸದೆ ದಿನಗಟ್ಟಲೆ ಕೆಲಸ ನಿಲ್ಲಿಸಿಕೊಳ್ಳುವುದು ಯಾವ ಲೆಕ್ಕಕ್ಕೂ ಕೂಡದು.

ಇನ್ನು ಕರೆಂಟಿನ ಮಾತು. ಜಪಾನಿನಿಂದ ಬಂದ ಹಳೇ ಮಷಿನ್‌ಗಳಲ್ಲಿ ಬಹಳಷ್ಟು 200 ವೋಲ್ಟ್‌ ತ್ರಿಫೇಸ್‌ಗೆ ತಯಾರಾದವು. ನಮ್ಮಲ್ಲಿ ತ್ರಿಫೇಸ್ ಎಂದರೆ ಸುಮಾರು 415 ವೋಲ್ಟ್. ಸರಿಯಾದ ಟ್ರಾನ್ಸ್‌ಫಾರ್ಮರ್, ಗಟ್ಟಿ ಅರ್ಥಿಂಗ್ ಇಲ್ಲದೆ ಸ್ವಿಚ್ ಒತ್ತಿದರೆ ಕಥೆ ಮುಗಿಯಿತು.

ಬದಲಾವಣೆ ಎಷ್ಟು?

ಕಂಪನಿ ಬಿಡಿಭಾಗ ಕೊಡುವುದನ್ನು ನಿಲ್ಲಿಸಿದ ಮೇಲೆ ಎರಡು ದಾರಿ. ಒಂದು, ಅಂಥದ್ದೇ ಇನ್ನೊಂದು ಕೆಟ್ಟ ಮಷಿನ್ ತಂದು ಅದರ ಅಂಗ ಕಿತ್ತು ಇದಕ್ಕೆ ಹಾಕುವುದು. ಮತ್ತೊಂದು, ಮೈ ಉಳಿಸಿಕೊಂಡು ಮಿದುಳು ಬದಲಿಸುವುದು. ಹಳೇ ಮಷಿನ್ನಿನ ಎರಕದ ದೇಹ, ಗೈಡ್ ಹಳಿಗಳು, ಸ್ಕ್ರೂ ಗಟ್ಟಿಯಾಗಿದ್ದರೆ ಹೊಸ ಮೋಟಾರ್ ಡ್ರೈವರ್, ಹೊಸ ಕಂಟ್ರೋಲ್ ಕಾರ್ಡ್, ಎರಡು ಕ್ಯಾಮೆರಾ ಹಾಕಿ ಮತ್ತೆ ಓಡಿಸಬಹುದು. ಒಂದು ಕ್ಯಾಮೆರಾ ತಲೆಯ ಮೇಲಿಂದ ಬೋರ್ಡ್ ನೋಡಿದರೆ, ಇನ್ನೊಂದು ಕೆಳಗಿನಿಂದ ನಾಝಲ್ ತುದಿಯ ಬಿಡಿಭಾಗ ನೋಡುತ್ತದೆ.

ಇದಕ್ಕೆ ಬೇಕಾದ ಸಾಫ್ಟ್‌ವೇರ್ ಕೂಡ ಪುಕ್ಕಟೆ. ಅಮೆರಿಕದ ಜೇಸನ್ ವಾನ್ ನೀಡಾ ಶುರು ಮಾಡಿದ ‘ಓಪನ್ ಪಿಎನ್‌ಪಿ’ಯನ್ನು ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದು, ತಿದ್ದಬಹುದು. ಆದರೆ ಪುಕ್ಕಟೆ ಎಂದರೆ ಸುಲಭ ಎಂದಲ್ಲ. ತಲೆ ಎಷ್ಟು ವೇಗದಲ್ಲಿ ಹೊರಟರೆ ನಡುಗುತ್ತದೆ, ಕ್ಯಾಮೆರಾಕ್ಕೂ ನಾಝಲ್‌ಗೂ ನಡುವಿನ ಅಂತರ ಎಷ್ಟು ಎಂಬುದನ್ನು ಅಳೆದು ಕೂರಿಸಲು ವಾರಗಳೇ ಹಿಡಿಯಬಹುದು.

ಮಾರ್ಪಾಡಿನ ಹುಮ್ಮಸ್ಸಿನಲ್ಲಿ ಮಾಡಲೇಬಾರದ ಕೆಲಸವೂ ಒಂದಿದೆ. ಮುಚ್ಚಳ ತೆರೆದರೆ ಮಷಿನ್ ನಿಲ್ಲಿಸುವ ಸುರಕ್ಷಾ ಸ್ವಿಚ್‌ಗೆ ತಂತಿ ಸುತ್ತಿ ‘ಬೈಪಾಸ್’ ಮಾಡುವ ಚಟ. ಓಡುವ ತಲೆಗೆ ಬೆರಳು, ಬಿಡಿಭಾಗ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ.

ಲೆಕ್ಕ ಹೀಗಿದೆ

ಉದಾಹರಣೆಗೆ ಒಂದು ಬೋರ್ಡಿಗೆ 60 ಬಿಡಿಭಾಗ, ಆರ್ಡರ್ 500 ಬೋರ್ಡ್ ಎಂದಿಟ್ಟುಕೊಳ್ಳಿ. ಒಟ್ಟು 30 ಸಾವಿರ. ಚಿಮಟದಿಂದ ಒಂದಕ್ಕೆ 5 ಸೆಕೆಂಡಿನಂತೆ ಕೈಯಲ್ಲಿ ಕೂರಿಸಿದರೂ ಬಿಡುವಿಲ್ಲದೆ ಸುಮಾರು 42 ಗಂಟೆ ಬೇಕು. ಗಂಟೆಗೆ 3 ಸಾವಿರ ಇಡುವ ಹಳೇ ಮಷಿನ್ನಿಗೆ 10 ಗಂಟೆ ಸಾಕು.

ಅದೇ ಮಷಿನ್ ನೂರಕ್ಕೊಂದು ತಪ್ಪು ಮಾಡಿದರೆ 300 ಕಡೆ ತಿದ್ದುವ ಕೆಲಸ. ಒಂದು ಬೋರ್ಡಿನಲ್ಲಿ ಒಂದೇ ತಪ್ಪಿದ್ದರೂ ಆ ಬೋರ್ಡ್ ಪಾಸಾಗದು. ಸರಿಯಾಗಿ ಸರ್ವಿಸ್ ಆದ ಮಷಿನ್ ಸಾವಿರಕ್ಕೊಂದು ತಪ್ಪಿದರೆ ಬರೀ 30. ಮೆಕ್ಯಾನಿಕ್ ಸಂಬಳ ಹುಟ್ಟುವುದು ಈ 300 ಮತ್ತು 30ರ ನಡುವೆ. ಸವಕಳಿ ಕಳೆದು ಲೆಕ್ಕದ ಪುಸ್ತಕದಲ್ಲಿ ಮಷಿನ್ ಬೆಲೆ ಸೊನ್ನೆಗೆ ಇಳಿದಿರಬಹುದು, ಅದನ್ನು ಓಡಿಸುವ ಕೈಗಳ ಬೆಲೆ ಮಾತ್ರ ಏರುತ್ತಲೇ ಇರುತ್ತದೆ.

ಅಗ್ಗಕ್ಕೆ ಸಿಗುತ್ತದೆಂದು ಕಣ್ಣು ಮುಚ್ಚಿ ಕೊಳ್ಳುವುದೂ ತಪ್ಪು. ಫೀಡರ್ ಇಲ್ಲದ ಮಷಿನ್ ಎತ್ತಿಲ್ಲದ ಬಂಡಿ. ಎಷ್ಟು ಫೀಡರ್, ಎಷ್ಟು ನಾಝಲ್, ಸಾಫ್ಟ್‌ವೇರ್ ಡಿಸ್ಕ್, ಮ್ಯಾನ್ಯುಯಲ್ ಇವೆಯೇ, ಕಣ್ಣೆದುರಿಗೆ ಒಂದು ಬೋರ್ಡ್ ಜೋಡಿಸಿ ತೋರಿಸುತ್ತಾರೆಯೇ ಎಂದು ಕೇಳಿಯೇ ದುಡ್ಡು ಕೊಡಬೇಕು.

ನೆಲಕ್ಕೆ ಹೊಸದೇನಲ್ಲ

ಎಲೆಕ್ಟ್ರಾನಿಕ್ಸ್ ಎಂದರೆ ನಮ್ಮ ಭಾಗಕ್ಕೆ ಸಂಬಂಧವಿಲ್ಲದ್ದು ಎಂದು ತಿಳಿಯಬೇಕಿಲ್ಲ. ಬೆಂಗಳೂರಿನಲ್ಲಿ 1948ರಲ್ಲಿ ಐಟಿಐ ದೂರವಾಣಿ ಕಾರ್ಖಾನೆ, 1954ರಲ್ಲಿ ಬಿಇಎಲ್, ಹೈದರಾಬಾದ್‌ನಲ್ಲಿ 1967ರಲ್ಲಿ ಇಸಿಐಎಲ್ ಹುಟ್ಟಿದವು. ಮತಯಂತ್ರ ತಯಾರಿಸುವುದು ಬಿಇಎಲ್ ಮತ್ತು ಇಸಿಐಎಲ್ ಎರಡೇ ಸಂಸ್ಥೆಗಳು. ಸಿ-ಡಾಟ್ ರೂಪಿಸಿದ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರ ಮೊದಲು ಕೆಲಸ ಆರಂಭಿಸಿದ್ದು 1986ರಲ್ಲಿ, ಕರ್ನಾಟಕದ ಕಿತ್ತೂರಿನಲ್ಲಿ. ಎ.ಸಿ. ಕೋಣೆ ಬೇಡದೆ ಹಳ್ಳಿಯ ಸೆಕೆ, ಧೂಳು ತಡೆಯುವಂತೆ ಅದನ್ನು ಕಟ್ಟಿದ್ದರು. ದೊಡ್ಡ ತಂತ್ರಜ್ಞಾನವನ್ನು ನಮ್ಮ ಊರಿನ ಹವಾಮಾನಕ್ಕೆ ಒಗ್ಗಿಸುವ ಜಾಣ್ಮೆ ಅದು.

ಅಂಥ ಜಾಣ್ಮೆಗೆ ಗಡಿಯಲ್ಲಿ ಬರವಿಲ್ಲ. ತಾಂಡೂರಿನ ಕಲ್ಲು ಕತ್ತರಿಸುವ, ಪಾಲಿಶ್ ಮಾಡುವ ಮಷಿನ್‌ಗಳು, ಹೊಲದ ಪಂಪ್‌ಸೆಟ್ಟು, ಟ್ರ್ಯಾಕ್ಟರು ಓಡುತ್ತಿರುವುದೇ ಊರಿನ ಮೆಕ್ಯಾನಿಕ್‌ಗಳ ಕೈಗುಣದಿಂದ. ಮರಾಠಿ, ಹಿಂದಿಯಲ್ಲಿ ‘ಜುಗಾಡ್’ ಎನ್ನುತ್ತಾರೆ. ಆದರೆ ಬೋರ್ಡ್ ಮಷಿನ್ನಿಗೆ ಬರೀ ಜುಗಾಡ್ ನಡೆಯದು. ಇಲ್ಲಿ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕೂ ಲೆಕ್ಕವಿದೆ. ಜುಗಾಡಿಗೆ ಅಳತೆಪಟ್ಟಿ, ವಹಿ ಎರಡೂ ಜೊತೆಗೂಡಬೇಕು.

1956ರ ನವೆಂಬರ್ 1ಕ್ಕೆ ಮುನ್ನ ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಗೆರೆ ಬದಲಾದರೂ ಸಂತೆ, ಬೀಗತನ, ಕೆಲಸದ ಓಡಾಟ ನಿಂತಿಲ್ಲ. ಕನ್ನಡ, ತೆಲುಗು, ಮರಾಠಿ, ಉರ್ದು ನಾಲ್ಕೂ ಬಲ್ಲ ಹುಡುಗ ಹೈದರಾಬಾದ್‌ಗೂ ಸಲ್ಲುತ್ತಾನೆ, ಬೆಂಗಳೂರಿಗೂ ಸಲ್ಲುತ್ತಾನೆ, ಪುಣೆಗೂ ಸಲ್ಲುತ್ತಾನೆ.

ಕಲಿಯುವುದು ಹೇಗೆ?

ಐಟಿಐಗಳಲ್ಲಿ ಎಲೆಕ್ಟ್ರಾನಿಕ್ ಮೆಕ್ಯಾನಿಕ್, ಫಿಟ್ಟರ್, ಎಲೆಕ್ಟ್ರಿಷಿಯನ್ ಕೋರ್ಸ್‌ಗಳು ಎರಡು ವರ್ಷದವು. ಈ ಮಷಿನ್ನಿಗೆ ಮೂರೂ ವಿದ್ಯೆ ಸ್ವಲ್ಪ ಸ್ವಲ್ಪ ಬೇಕು. ಗ್ರೀಸ್ ಹಚ್ಚಲು ಫಿಟ್ಟರ್, ವೈರಿಂಗ್ ಓದಲು ಎಲೆಕ್ಟ್ರಿಷಿಯನ್, ಕಾರ್ಡ್ ಹಿಡಿಯಲು ಎಲೆಕ್ಟ್ರಾನಿಕ್ ಮೆಕ್ಯಾನಿಕ್. ಮೂವರೂ ಒಬ್ಬನಲ್ಲೇ ಇದ್ದರೆ ಅವನಿಗೆ ಬೇಡಿಕೆ. ಹೈದರಾಬಾದ್‌ನ ಬಾಲಾನಗರದಲ್ಲಿ 1968ರಿಂದ ಇರುವ ಕೇಂದ್ರೀಯ ಟೂಲ್ ಡಿಸೈನ್ ಸಂಸ್ಥೆ ದೂರವೇನೂ ಅಲ್ಲ.

ಮನೆಯಲ್ಲಿ ಕೆಟ್ಟು ಬಿದ್ದ ಬೋರ್ಡ್ ಇದ್ದರೆ ಗುಜರಿಗೆ ಹಾಕುವ ಮುನ್ನ ಅದರ ಒಂದು ರೆಸಿಸ್ಟರ್ ಕಿತ್ತು ಮತ್ತೆ ಕೂರಿಸಿ ನೋಡುವುದು ಮೊದಲ ಪಾಠ. ಎರಡು ತುದಿಯ ಬೆಸುಗೆ ಒಟ್ಟಿಗೇ ಕರಗದಿದ್ದರೆ ಬಿಡಿಭಾಗ ಒಂದು ಕಡೆ ಎದ್ದು ನಿಲ್ಲುತ್ತದೆ. ಇದಕ್ಕೆ ಕಸುಬಿನವರು ಇಟ್ಟ ಹೆಸರು ‘ಟೂಂಬ್‌ಸ್ಟೋನ್’, ಅಂದರೆ ಗೋರಿಕಲ್ಲು! ಸೀಸದ ಬೆಸುಗೆ ಮುಟ್ಟಿದ ಕೈಯನ್ನು ಊಟಕ್ಕೆ ಮುಂಚೆ ಸಾಬೂನು ಹಚ್ಚಿ ತೊಳೆಯುವುದು ಎರಡನೇ ಪಾಠ.

ಕೈಗಾರಿಕಾ ನಗರಕ್ಕೆ ಹೊಸ ಮಷಿನ್‌ಗಳು ಬರಬಹುದು. ಇಂದು ಬರುವ ಹೊಸ ಮಷಿನ್ನು ಹದಿನೈದು ವರ್ಷಕ್ಕೆ ಹಳೇ ಮಷಿನ್ನೇ. ಅಷ್ಟರಲ್ಲಿ ಅದರ ಮುಚ್ಚಳ ಬಿಚ್ಚಬಲ್ಲ ಹುಡುಗರು ನ್ಯಾಲ್‌ಕಲ್‌ನಲ್ಲೋ ನಾರಾಯಣಖೇಡದಲ್ಲೋ ತಯಾರಾಗಿದ್ದರೆ, ಕೆಟ್ಟಾಗ ಹೊರಗಿನಿಂದ ಬರುವ ಇಂಜಿನಿಯರ್‌ಗಾಗಿ ಕಾರ್ಖಾನೆ ಕಾಯಬೇಕಿಲ್ಲ. ಭೂಮಿ ಕೊಟ್ಟ ಮನೆಯ ಹುಡುಗನೂ ಗೇಟಿನ ಹೊರಗೆ ನಿಲ್ಲಬೇಕಿಲ್ಲ.