ನಿಮ್ಮ ಮನೆಯ ಕಸ ಎಲ್ಲಿಗೆ ಹೋಗುತ್ತದೆ?

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಜಿಲ್ಲೆಯೊಂದರಲ್ಲಿ ಉಪವಿಭಾಗಾಧಿಕಾರಿಯಾಗಿದ್ದೆ. ತಾಲ್ಲೂಕು ಕೇಂದ್ರದ ಕಸವನ್ನು ಆರೇಳು ಕಿಲೋಮೀಟರ್ ದೂರದ ಹಳ್ಳಿಯೊಂದರ ಪಕ್ಕದ ಪಾಳುಬಿದ್ದ ಕಲ್ಲುಕ್ವಾರಿಗೆ ಸುರಿಯಲಾಗುತ್ತಿತ್ತು. ಜನಸಂಪರ್ಕ ಸಭೆಯೊಂದಕ್ಕೆ ಆ ಹಳ್ಳಿಯ ವೃದ್ಧ ರೈತರೊಬ್ಬರು ಗಾಜಿನ ಸೀಸೆಯಲ್ಲಿ ತಮ್ಮ ಬಾವಿಯ ನೀರನ್ನು ತುಂಬಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟರು. ಅದು ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗಿತ್ತು. ಅಧಿಕಾರಿಗಳ ವಾಡಿಕೆಯಂತೆ ನಾನೂ, ಪರ್ಯಾಯ ಸ್ಥಳವನ್ನು ಗುರುತಿಸಲಾಗುವುದು ಎಂದೆ. ಅವರು ಸ್ವಲ್ಪವೂ ದನಿ ಏರಿಸದೆ ಕೇಳಿದರು: ‘ಬ್ಯಾರೆ ಜಾಗ ಅಂದ್ರೆ ಇನ್ನೊಂದು ಊರೇ ಅಲ್ವರಾ ಸ್ವಾಮಿ? ಅದಿರ್ಲಿ, ತಮ್ಮ ಮನೆ ಕಸ ಎಲ್ಲಿಗೆ ಹೋಗ್ತದೆ?’

ಸರ್ಕಾರಿ ವಸತಿಗೃಹದ ಕಸ ಎಲ್ಲಿಗೆ ಹೋಗುತ್ತಿತ್ತೆಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವರ ಅರ್ಜಿಯ ಮೇಲೆ ‘ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಿ’ ಎಂದು ಬರೆದು ಮುಂದಿನ ಅರ್ಜಿಗೆ ಕೈಚಾಚಿದೆ. ವರ್ಷ ತುಂಬುವ ಮೊದಲೇ ನನಗೆ ವರ್ಗವಾಯಿತು. ಪರ್ಯಾಯ ಸ್ಥಳ ಸಿಕ್ಕಿತೇ ಎಂದು ನಾನು ಮತ್ತೆ ವಿಚಾರಿಸಲಿಲ್ಲ.

ಆ ಪ್ರಶ್ನೆ ನನ್ನನ್ನು ಮತ್ತೆ ಕಾಡತೊಡಗಿದ್ದು ಬೆಂಗಳೂರಿನ ಕಸದ ಬಿಕ್ಕಟ್ಟಿನ ದಿನಗಳಲ್ಲಿ. 2012ರಲ್ಲಿ ಮಾವಳ್ಳಿಪುರದ ಕಸದ ತಾಣ ಮುಚ್ಚಿತು. ಹೊರೆಯೆಲ್ಲ ಮಂಡೂರಿನ ಮೇಲೆ ಬಿತ್ತು. 2014ರಲ್ಲಿ ಮಂಡೂರಿನ ಜನ ಲಾರಿಗಳನ್ನು ತಡೆದರು. ಆ ವರ್ಷದ ಡಿಸೆಂಬರ್‌ನಿಂದ ಅಲ್ಲಿಗೆ ಕಸ ಸಾಗಿಸುವುದನ್ನು ನಿಲ್ಲಿಸಬೇಕಾಯಿತು. ನಾನಾಗ ಇನ್ನೂ ಸೇವೆಯಲ್ಲಿದ್ದೆ. ಪತ್ರಿಕೆಗಳಲ್ಲಿ ಬಂದ ಚಿತ್ರಗಳಲ್ಲಿ ನನಗೆ ಕಂಡದ್ದು ಅದೇ ಗಾಜಿನ ಸೀಸೆ. ನಿವೃತ್ತನಾಗಿ ದಕ್ಷಿಣ ಬೆಂಗಳೂರಿನ ನಮ್ಮ ಹಳೆಯ ಮನೆಗೆ ಮರಳಿದ ಮೇಲೆ ನಾನು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಕೊಕ್ಕೆಗೆ ತೂಗುಹಾಕುವ ಸ್ಪ್ರಿಂಗ್ ತಕ್ಕಡಿಯೊಂದನ್ನು ಕೊಂಡು ತಂದದ್ದು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನಿಗೆ ಅಳೆಯದೆ ಮಾತನಾಡುವುದು ಸರಿಯೆನಿಸುವುದಿಲ್ಲ. ನಮ್ಮದು ಐದು ಜನರ ಸಂಸಾರ: ನಾನು, ನನ್ನ ಪತ್ನಿ, ಮಗ, ಸೊಸೆ ಮತ್ತು ಮೊಮ್ಮಗಳು. ಮೂವತ್ತು ದಿನ ಪ್ರತಿ ಸಂಜೆ ಕಸವನ್ನು ಬೇರ್ಪಡಿಸಿ ತೂಗಿ ಪುಸ್ತಕದಲ್ಲಿ ಬರೆದಿಟ್ಟೆ. ಹಸಿ ಕಸ 41 ಕಿಲೋ, ಒಣ ಕಸ 11 ಕಿಲೋ, ಶೌಚಸಂಬಂಧಿ ಮತ್ತಿತರ ಕಸ 3 ಕಿಲೋ. ಒಟ್ಟು 55 ಕಿಲೋದಲ್ಲಿ ಸುಮಾರು ಮುಕ್ಕಾಲು ಪಾಲು ತರಕಾರಿ ಸಿಪ್ಪೆ, ಹಣ್ಣಿನ ಚರಟ, ಕಾಫಿ ಗಸಿ, ಬಾಡಿದ ಹೂವು ಮತ್ತು ಉಳಿದ ಅನ್ನ. ಅಂದರೆ ಮಣ್ಣಿನಿಂದ ಬಂದು ಮಣ್ಣಿಗೆ ಮರಳಲು ಸಿದ್ಧವಾಗಿದ್ದ ವಸ್ತುಗಳನ್ನು ನಾವು ಡೀಸೆಲ್ ಸುಟ್ಟು ಇನ್ನೊಬ್ಬರ ಊರಿಗೆ ಕಳುಹಿಸುತ್ತಿದ್ದೆವು.

ಹಸಿ ಕಸ ತಾನಾಗಿ ವಿಷವಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಹತ್ತಾರು ಅಡಿ ಎತ್ತರದ ರಾಶಿಯ ಅಡಿಯಲ್ಲಿ ಗಾಳಿಯಾಡದಂತೆ ಹೂತಾಗ ಅದು ಕೊಳೆಯುವ ಬಗೆಯೇ ಬೇರೆ. ಆಗ ಹೊಮ್ಮುವುದು ಮೀಥೇನ್. ಅದು ಇಂಗಾಲದ ಡೈಆಕ್ಸೈಡ್‌ಗಿಂತ ಹಲವು ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುವ ಅನಿಲ. ಕೆಳಗೆ ಸೋರುವ ಕಪ್ಪು ರಸವು ರಾಶಿಯಲ್ಲಿರುವ ಬ್ಯಾಟರಿ, ಬಣ್ಣ, ಔಷಧಗಳ ಸಾರವನ್ನೂ ತೊಳೆದುಕೊಂಡು ಅಂತರ್ಜಲಕ್ಕೆ ಇಳಿಯುತ್ತದೆ. ಆ ರೈತರ ಸೀಸೆಯಲ್ಲಿದ್ದುದು ಅದೇ. ಅದೇ ಸಿಪ್ಪೆ ಗಾಳಿಯಾಡುವ ಮಡಕೆಯಲ್ಲಿ ಕೊಳೆತರೆ ಗೊಬ್ಬರವಾಗುತ್ತದೆ. ಮೂಲದಲ್ಲಿಯೇ ಕಸವನ್ನು ಬೇರ್ಪಡಿಸಬೇಕೆಂದು ಕರ್ನಾಟಕ ಹೈಕೋರ್ಟ್ 2012ರಿಂದಲೂ ಒತ್ತಾಯಿಸುತ್ತ ಬಂದಿರುವುದರ ತಾತ್ಪರ್ಯವೂ ಇದೇ.

ಇಷ್ಟು ತಿಳಿದ ಮೇಲೆ ನಾನು ಏನು ಮಾಡಿದೆನೆಂಬುದನ್ನು ಮುಚ್ಚಿಡಬಾರದು. ಮೂವತ್ತು ವರ್ಷಗಳ ಅಭ್ಯಾಸ. ಒಂದು ಹಾಳೆಯ ಮೇಲೆ ಎಂಟು ಅಂಶಗಳ ಸೂಚನೆಗಳನ್ನು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಹಸಿ ಕಸ ಹಸಿರು ಬುಟ್ಟಿಗೆ, ಹಾಲಿನ ಕವರ್ ತೊಳೆದು ಒಣಗಿಸುವುದು, ಪ್ರತಿದಿನ ಮಡಕೆಗೆ ಎಲೆ ಹಾಕುವುದು ಇತ್ಯಾದಿ. ಮೂರು ವಾರಗಳಲ್ಲಿ ಮಡಕೆ ನಾರತೊಡಗಿತು, ಹುಳು ಬಿದ್ದವು. ಮನೆಗೆಲಸದಾಕೆ, ‘ಇದನ್ನ ಮುಟ್ಟೋದಾದ್ರೆ ನಾಳೆಯಿಂದ ನಾನು ಬರಾಕಿಲ್ಲ ಸಾರ್’ ಎಂದು ಸ್ಪಷ್ಟವಾಗಿ ಹೇಳಿಬಿಟ್ಟಳು. ನಾನು ಸಿಡಿಮಿಡಿಗೊಂಡಾಗ ನನ್ನ ಪತ್ನಿ ಅಂದದ್ದು ಇಷ್ಟು: ‘ಸುತ್ತೋಲೆ ನೀವು ಹೊರಡಿಸಿದಿರಿ. ಅನುಷ್ಠಾನಕ್ಕೆ ಯಾರನ್ನು ನೇಮಿಸಿದ್ದೀರಿ?’

ಪರಿಸರಸ್ನೇಹಿ ಬದುಕಿನ ಬಗೆಗಿನ ಉಪದೇಶಗಳಲ್ಲಿ ಈ ಪ್ರಶ್ನೆಗೆ ಸಾಮಾನ್ಯವಾಗಿ ಉತ್ತರವಿರುವುದಿಲ್ಲ. ಬಟ್ಟೆಯ ಚೀಲ ನೆನಪಿಡುವವರು ಯಾರು? ಹಾಲಿನ ಕವರ್ ತೊಳೆಯುವವರು ಯಾರು? ಆರ್‌ಒ ಯಂತ್ರ ಹೊರಬಿಡುವ ನೀರನ್ನು ಬಕೆಟ್‌ನಲ್ಲಿ ಹಿಡಿದು ನೆಲ ಒರೆಸಲು ಒಯ್ಯುವವರು ಯಾರು? ನಗರ ತನ್ನ ಹೊರೆಯನ್ನು ಹಳ್ಳಿಗೆ ದಾಟಿಸಿದಂತೆ, ಮನೆಯೊಳಗೆ ನಾನು ನನ್ನ ಪಾಪಪ್ರಜ್ಞೆಯ ಹೊರೆಯನ್ನು ಹೆಂಗಸರ ತಲೆಯ ಮೇಲಿಟ್ಟಿದ್ದೆ. ಅರ್ಥಶಾಸ್ತ್ರದಲ್ಲಿ ಇದನ್ನು ಬಾಹ್ಯ ವೆಚ್ಚ ಎನ್ನುತ್ತಾರೆ: ಲಾಭ ಒಬ್ಬನದು, ವೆಚ್ಚ ಮತ್ತೊಬ್ಬರದು. ತರಗತಿಯಲ್ಲಿ ಓದಿದ್ದು ಅಡುಗೆಮನೆಯಲ್ಲಿ ಅರ್ಥವಾಯಿತು. ಆ ಹಾಳೆಯನ್ನು ಕಿತ್ತುಹಾಕಿದೆ. ಅಂದಿನಿಂದ ಕಸದ ಖಾತೆ ಸಂಪೂರ್ಣವಾಗಿ ನನ್ನದು.

ಕೆಲಸ ಕೈಗೆತ್ತಿಕೊಂಡ ಮೇಲೆ ತಪ್ಪು ಎಲ್ಲಿತ್ತೆಂಬುದು ತಿಳಿಯಿತು. ಹಸಿ ಕಸದಲ್ಲಿ ನೀರಿನಂಶ ಹೆಚ್ಚು; ಅದನ್ನು ಹೀರಿಕೊಂಡು ಗಾಳಿಗೆ ಎಡೆ ಮಾಡಿಕೊಡಲು ಒಣಗಿದ ವಸ್ತು ಧಾರಾಳವಾಗಿ ಬೇಕು. ಒಂದು ಬೊಗಸೆ ಸಿಪ್ಪೆಗೆ ಕನಿಷ್ಠ ಒಂದು ಬೊಗಸೆ ತರಗೆಲೆ, ಅನ್ನ ಸಾರು ಬಿದ್ದ ದಿನ ಎರಡು. ಮೊದಲಿಗೆ ಸ್ವಲ್ಪ ಹುಳಿ ಮಜ್ಜಿಗೆ ಅಥವಾ ಹಳೆಯ ಗೊಬ್ಬರವನ್ನು ಹೆಪ್ಪಿನಂತೆ ಹಾಕಬೇಕು. ನಾಲ್ಕೈದು ದಿನಕ್ಕೊಮ್ಮೆ ಕೋಲಿನಿಂದ ತಿರುವಬೇಕು. ನಾತ ಬಂದರೆ ಎಲೆ ಸಾಲದು, ಇರುವೆ ಬಂದರೆ ತೇವ ಸಾಲದು ಎಂದು ಅರ್ಥ. ತೂತುಗಳುಳ್ಳ ಮೂರು ಮಣ್ಣಿನ ಮಡಕೆಗಳು ಸರದಿಯಂತೆ ತುಂಬುತ್ತವೆ. ಎರಡು ತಿಂಗಳಲ್ಲಿ ಮೊದಲ ಮಡಕೆಯಿಂದ ಕಪ್ಪು, ಪುಡಿಪುಡಿಯಾದ, ಮೊದಲ ಮಳೆಯ ವಾಸನೆಯ ಗೊಬ್ಬರ ಸಿಗುತ್ತದೆ. ತರಗೆಲೆಗೆ ನಮ್ಮ ಬೀದಿಯಲ್ಲಿ ಕೊರತೆಯಿಲ್ಲ. ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಗುಡಿಸಿ ರಾಶಿಹಾಕಿ ಬೆಂಕಿಯಿಡುತ್ತಿದ್ದ ಎಲೆಗಳನ್ನು ಈಗ ಪೌರಕಾರ್ಮಿಕರೇ ಗೋಣಿಚೀಲದಲ್ಲಿ ತುಂಬಿ ನಮ್ಮ ಗೇಟಿನ ಬಳಿ ಇಟ್ಟುಹೋಗುತ್ತಾರೆ. ಹೊಗೆಯೂ ತಪ್ಪಿತು, ವರ್ಷದ ದಾಸ್ತಾನೂ ಆಯಿತು. ಇಡೀ ಕೆಲಸಕ್ಕೆ ದಿನಕ್ಕೆ ಹತ್ತು ನಿಮಿಷ ಸಾಕು.

ಉಳಿದ ಕಸದ ವಿಷಯದಲ್ಲಿ ನೆನಪಿಡಬೇಕಾದ್ದು ಒಂದೇ: ಅದನ್ನು ಮುಂದೆ ಯಾರೋ ಬರಿಗೈಯಿಂದ ಮುಟ್ಟುತ್ತಾರೆ. ಸಾಂಬಾರು ಅಂಟಿದ ಪ್ಲಾಸ್ಟಿಕ್ಕಿಗೆ ಗುಜರಿಯಲ್ಲಿ ಬೆಲೆಯಿಲ್ಲ. ತೊಳೆದು ಒಣಗಿಸಿದ ಹಾಲಿನ ಕವರಿಗೆ ಇದೆ. ಒಡೆದ ಗಾಜು, ಬ್ಲೇಡು, ಮಗುವಿನ ಡೈಪರ್ ಇತ್ಯಾದಿಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಕೊಡುವುದು ಪರಿಸರದ ಮಾತಿಗಿಂತ ಮೊದಲು ಮನುಷ್ಯತ್ವದ ಮಾತು.

ಇನ್ನು ನೀರು. ಬೆಂಗಳೂರಿನ ನಲ್ಲಿಯಲ್ಲಿ ಬರುವ ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ ಬರುತ್ತದೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೂರು ಹಂತಗಳಲ್ಲಿ ಅದನ್ನು ಸುಮಾರು 500 ಮೀಟರ್ ಮೇಲೆತ್ತಬೇಕು. ಶಾಲೆಯ ಭೌತಶಾಸ್ತ್ರದ ಸೂತ್ರದಿಂದ ಲೆಕ್ಕ ಹಾಕಿ ನೋಡಿ: ಸಾವಿರ ಲೀಟರ್ ನೀರನ್ನು ಅಷ್ಟು ಎತ್ತರಕ್ಕೆ ಏರಿಸಲು, ಒಂದಿಷ್ಟೂ ನಷ್ಟವಿಲ್ಲವೆಂದು ಭಾವಿಸಿದರೂ, ಸುಮಾರು 1.4 ಯೂನಿಟ್ ವಿದ್ಯುತ್ ಬೇಕು. ಪಂಪು, ಕೊಳವೆಗಳ ನಷ್ಟ ಸೇರಿದರೆ ಇನ್ನೂ ಹೆಚ್ಚು. 2014ರಿಂದ 2025ರವರೆಗೆ ಗೃಹಬಳಕೆಯ ಮೊದಲ ಹಂತದಲ್ಲಿ ಆ ಸಾವಿರ ಲೀಟರಿಗೆ ನಾವು ಕೊಡುತ್ತಿದ್ದುದು ಏಳು ರೂಪಾಯಿ. ಎತ್ತುವ ವಿದ್ಯುತ್ತಿನ ಖರ್ಚೂ ಅದರಿಂದ ಹುಟ್ಟುವುದು ಕಷ್ಟ. ಬೆಲೆ ನಮಗೆ ಸತ್ಯ ಹೇಳದಿರುವಾಗ ಸತ್ಯವನ್ನು ನಾವೇ ಹುಡುಕಿಕೊಳ್ಳಬೇಕಾಗುತ್ತದೆ.

ಹಾಗಾಗಿ ನಮ್ಮ ಹಿತ್ತಲಿನ ತೊಟ್ಟಿಕ್ಕುವ ನಲ್ಲಿಯ ಕೆಳಗೆ ಒಂದು ಲೀಟರಿನ ಬಾಟಲಿ ಇಟ್ಟೆ. ಎರಡು ಗಂಟೆಯಲ್ಲಿ ತುಂಬಿತು. ದಿನಕ್ಕೆ 12 ಲೀಟರ್, ವರ್ಷಕ್ಕೆ 4,380 ಲೀಟರ್. ತಿಂಗಳುಗಟ್ಟಲೆ ಆ ಸದ್ದನ್ನು ಕೇಳಿಯೂ ಕೇಳದಂತಿದ್ದೆವು. ಸರಿಹೋದದ್ದು ಹತ್ತು ರೂಪಾಯಿಯ ವಾಷರ್‌ನಿಂದ. ಷವರ್ ಬದಲು ಬಕೆಟ್, ಕಾರು ತೊಳೆಯಲು ಪೈಪಿನ ಬದಲು ಒದ್ದೆ ಬಟ್ಟೆ, ನಲ್ಲಿಗಳ ಬಾಯಿಗೆ ಗಾಳಿ ಬೆರೆಸುವ ಸಣ್ಣ ಜರಡಿ. ಇವೆಲ್ಲ ಓದುಗರಿಗೆ ತಿಳಿದ ವಿಷಯಗಳೇ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಬೇಕಾಯಿತು. ದಂಡದ ಭಯಕ್ಕೆ ಮಾಡಿದ್ದನ್ನು ಮಳೆ ಬಂದ ಮೇಲೂ ಮುಂದುವರಿಸಿದವರು ಎಷ್ಟು ಮಂದಿ ಎಂಬುದೇ ಪ್ರಶ್ನೆ.

ಮಳೆನೀರಿನ ಲೆಕ್ಕ ಇನ್ನೂ ಸ್ವಾರಸ್ಯಕರ. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್. 1,200 ಚದರಡಿಯ ತಾರಸಿಯ ಮೇಲೆ ವರ್ಷಕ್ಕೆ ಬೀಳುವ ನೀರು ಒಂದು ಲಕ್ಷ ಲೀಟರಿಗೂ ಹೆಚ್ಚು. ಐದನೆಯ ಒಂದು ಭಾಗ ವ್ಯರ್ಥವಾದರೂ ಎಂಬತ್ತೈದು ಸಾವಿರ ಲೀಟರ್ ಸಿಗುತ್ತದೆ. 2009ರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ತಂದು ನಿಗದಿತ ಅಳತೆ ಮೀರಿದ ನಿವೇಶನಗಳಿಗೆ ಮಳೆನೀರು ಸಂಗ್ರಹವನ್ನು ಕಡ್ಡಾಯಗೊಳಿಸಿದ್ದು ಸರಿಯಾದ ಹೆಜ್ಜೆ. ಆದರೆ ಬಹಳಷ್ಟು ಮನೆಗಳಲ್ಲಿ ಅದು ಪ್ರಮಾಣಪತ್ರಕ್ಕಾಗಿ ಜೋಡಿಸಿದ ಒಂದು ಪೈಪಾಗಿ ಉಳಿದಿದೆ. ನಮ್ಮ ಸಂಪು ಹಿಡಿಯುವುದು ಎಂಟು ಸಾವಿರ ಲೀಟರ್ ಮಾತ್ರ. ಒಂದೆರಡು ದೊಡ್ಡ ಮಳೆಗೆ ತುಂಬಿಹೋಗುತ್ತದೆ. ಹೆಚ್ಚಾದದ್ದನ್ನು ಇಂಗಿಸಲು ಅಂಗಳದ ಮೂಲೆಯಲ್ಲಿ ಮೂರಡಿ ಅಗಲ, ಇಪ್ಪತ್ತಡಿ ಆಳದ ಇಂಗುಬಾವಿ ತೋಡಿಸಿದೆವು. ತೋಡಿದವರು ತಲೆಮಾರುಗಳಿಂದ ಬಾವಿ ತೆಗೆಯುವುದನ್ನೇ ಕಸುಬಾಗಿಸಿಕೊಂಡ ಮಣ್ಣು ಒಡ್ಡರ ಸಮುದಾಯದವರು. ಮಣ್ಣಿನ ಪದರಗಳನ್ನು ಅವರು ಕೈಯಲ್ಲಿ ಹಿಡಿದು ಓದುವ ಪರಿಯನ್ನು ನೋಡಿ, ಕಚೇರಿಗಳಲ್ಲಿ ಕುಳಿತು ಅಂತರ್ಜಲದ ಕಡತ ಓದಿದ ನನಗೆ ಸಂಕೋಚವಾಯಿತು.

ವಿದ್ಯುತ್ತಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 60 ವ್ಯಾಟ್‌ನ ಹಳೆಯ ಬಲ್ಬಿನ ಬೆಳಕನ್ನು 9 ವ್ಯಾಟ್‌ನ ಎಲ್‌ಇಡಿ ಕೊಡುತ್ತದೆ. 75 ವ್ಯಾಟ್‌ನ ಫ್ಯಾನಿನ ಗಾಳಿಯನ್ನು ಹೊಸ ಬಗೆಯ ಫ್ಯಾನ್ ಅದರ ಅರ್ಧಕ್ಕಿಂತ ಕಡಿಮೆ ವಿದ್ಯುತ್ತಿನಲ್ಲಿ ಕೊಡುತ್ತದೆ. ಆದರೆ ಇಲ್ಲೊಂದು ಎಚ್ಚರಿಕೆಯ ಮಾತಿದೆ. ದಕ್ಷವಾದ ಉಗಿಯಂತ್ರಗಳು ಬಂದಷ್ಟೂ ಇಂಗ್ಲೆಂಡಿನಲ್ಲಿ ಕಲ್ಲಿದ್ದಲಿನ ಬಳಕೆ ತಗ್ಗುವ ಬದಲು ಏರಿತೆಂದು ಅರ್ಥಶಾಸ್ತ್ರಜ್ಞ ಜೆವೊನ್ಸ್ 1865ರಲ್ಲೇ ತೋರಿಸಿದ್ದರು. ನಮ್ಮ ಮನೆಯಲ್ಲೂ ಹಾಗೇ ಆಯಿತು. ದೀಪ, ಫ್ಯಾನುಗಳಿಂದ ಬಿಲ್ಲು ಇಳಿದ ವರ್ಷವೇ ಎರಡನೆಯ ಏಸಿ ಬಂದಿತು. ‘ಹೇಗೂ ಬಿಲ್ಲು ಕಡಿಮೆ ಬರ್ತಿದೆಯಲ್ಲಪ್ಪ’ ಎಂದ ಮಗ. ಅವನ ತರ್ಕದಲ್ಲಿ ದೋಷವಿರಲಿಲ್ಲ. ಉಳಿಸಿದ್ದನ್ನು ಎಲ್ಲಿ ಖರ್ಚು ಮಾಡುತ್ತೇವೆಂದು ನೋಡದ ಲೆಕ್ಕದಲ್ಲಿತ್ತು. ಈಗ ತಿಂಗಳ ಕೊನೆಗೆ ನಾವು ರೂಪಾಯಿಯನ್ನು ನೋಡುವುದಿಲ್ಲ, ಯೂನಿಟ್ಟನ್ನು ನೋಡುತ್ತೇವೆ.

ಒಂದು ಮನೆಯ ಮಡಕೆಯಿಂದ ಭೂಮಿಯ ತಾಪ ಇಳಿಯುವುದೇ ಎಂದು ಮಿತ್ರರು ಕೇಳುತ್ತಾರೆ. ನಾವು ಬೇರ್ಪಡಿಸಿ ಕೊಟ್ಟದ್ದನ್ನು ಲಾರಿಯಲ್ಲಿ ಮತ್ತೆ ಒಟ್ಟಿಗೆ ಸುರಿಯುತ್ತಾರಲ್ಲ ಎಂದೂ ಆಕ್ಷೇಪಿಸುತ್ತಾರೆ. ಎರಡರಲ್ಲೂ ನಿಜವಿದೆ. ಕಾರ್ಖಾನೆ, ಸಾರಿಗೆ, ನಗರ ಯೋಜನೆಗಳ ದೊಡ್ಡ ತೀರ್ಮಾನಗಳಿಗೆ ಅಡುಗೆಮನೆಯ ಶಿಸ್ತು ಬದಲಿಯಾಗಲಾರದು. ಸರ್ಕಾರಗಳು ಆ ನೆಪದಲ್ಲಿ ತಪ್ಪಿಸಿಕೊಳ್ಳಲೂ ಬಾರದು. ಆದರೆ ಸೇವೆಯಲ್ಲಿದ್ದಾಗ ನಾನು ಕಂಡ ಸಂಗತಿಯೊಂದಿದೆ. ತನ್ನ ಮನೆಯ ಕಸವನ್ನು ತೂಗಿದ ನಾಗರಿಕ ಕೇಳುವ ಪ್ರಶ್ನೆಯನ್ನು ಅಧಿಕಾರಿ ತಳ್ಳಿಹಾಕುವುದು ಕಷ್ಟ. ನಮ್ಮ ಬೀದಿಯ ಹನ್ನೊಂದು ಮನೆಯವರು ಸೇರಿ, ಒಣ ಕಸದ ಗಾಡಿ ಪ್ರತ್ಯೇಕವಾಗಿ ಬರಲೇಬೇಕೆಂದು ಪಟ್ಟುಹಿಡಿದದ್ದು ಮಡಕೆಗಳು ಬಂದ ಮೇಲೆಯೇ, ಅದಕ್ಕೆ ಮೊದಲಲ್ಲ. ಈಗ ವಾರಕ್ಕೆರಡು ಬಾರಿ ಆ ಗಾಡಿ ಬರುತ್ತಿದೆ.

ಕಳೆದ ತಿಂಗಳು ಮತ್ತೆ ಮೂವತ್ತು ದಿನ ತೂಗಿದೆ. ಮನೆಯಿಂದ ಹೊರಹೋದದ್ದು 12 ಕಿಲೋ; ಅದರಲ್ಲಿ 9 ಕಿಲೋ ತೊಳೆದ, ಒಣಗಿದ, ಮರುಬಳಕೆಗೆ ಯೋಗ್ಯವಾದ ವಸ್ತು. ಉಳಿದ 3 ಕಿಲೋ ಈಗಲೂ ಯಾವುದೋ ಊರಿನ ಪಕ್ಕದ ಗುಂಡಿಗೆ ಹೋಗುತ್ತಿದೆ. ಆ ಊರು ಯಾವುದೆಂದು ವಿಚಾರಿಸುತ್ತಿದ್ದೇನೆ. ಸಭೆಗೆ ಸೀಸೆ ತಂದಿದ್ದ ಆ ಹಿರಿಯರು ಈಗ ಇರಲಾರರು. ಅವರ ಪ್ರಶ್ನೆಗೆ ಆಗ ಕೊಡದ ಉತ್ತರವನ್ನು ಇಪ್ಪತ್ತೈದು ವರ್ಷಗಳ ಮೇಲೆ ಹೇಳುವುದಾದರೆ ಇಷ್ಟು: ಹೆಚ್ಚಿನ ಪಾಲು ನಮ್ಮ ಮನೆಯ ನುಗ್ಗೆ ಗಿಡದ ಬುಡಕ್ಕೆ ಹೋಗುತ್ತದೆ ಸ್ವಾಮಿ, ಮೂರು ಕಿಲೋ ಇನ್ನೂ ಬಾಕಿಯಿದೆ.