ದಯಾಮರಣದ ಅರ್ಜಿ ಮತ್ತು ರಾಷ್ಟ್ರಪತಿ ಸಚಿವಾಲಯ

ನಿವೇಶನದ ಹಕ್ಕುಪತ್ರ ಸಿಗದವರು, ಸಂಬಳ ಬಾಕಿ ಉಳಿದವರು, ಭೂಸ್ವಾಧೀನದ ಪರಿಹಾರಕ್ಕೆ ಅಲೆದು ಸೋತವರು ‘ದಯಾಮರಣ ಕೋರಿ ರಾಷ್ಟ್ರಪತಿಗೆ ಪತ್ರ’ ಬರೆದರೆಂಬ ಸುದ್ದಿ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಎಷ್ಟು ವಾಡಿಕೆಯಾಗಿದೆಯೆಂದರೆ, ಮರಣವನ್ನು ಮಂಜೂರು ಮಾಡುವ ಅಧಿಕಾರವೊಂದು ರಾಷ್ಟ್ರಪತಿಯವರಿಗೆ ಇದೆಯೇ ಎಂದು ಬರೆದವರಾಗಲಿ ಅಚ್ಚು ಹಾಕಿದವರಾಗಲಿ ಕೇಳಿಕೊಂಡಂತೆ ಕಾಣುವುದಿಲ್ಲ. ಅಂಥ ಅಧಿಕಾರ ಸಂವಿಧಾನದಲ್ಲೂ ಇಲ್ಲ, ಬೇರಾವ ಕಾನೂನಿನಲ್ಲೂ ಇಲ್ಲ.

ಗೊಂದಲ ಹುಟ್ಟಿದ್ದು ‘ದಯೆ’ ಎಂಬ ಪದದಿಂದ. ಸಂವಿಧಾನದ 72ನೇ ವಿಧಿ ರಾಷ್ಟ್ರಪತಿಯವರಿಗೆ ಕೊಡುವುದು ಕ್ಷಮಾದಾನದ ಅಧಿಕಾರ. ಗಲ್ಲುಶಿಕ್ಷೆಗೆ ಗುರಿಯಾದವನು ಜೀವ ಉಳಿಸಿರೆಂದು ಅದರಡಿ ಸಲ್ಲಿಸುವ ಮನವಿಯೇ ‘ದಯಾ ಅರ್ಜಿ’. ದಯಾಮರಣವಾದರೋ ಆಸ್ಪತ್ರೆಗೆ ಸೇರಿದ ವಿಷಯ: ಚೇತರಿಕೆಯ ಆಸೆಯಿಲ್ಲದ ರೋಗಿಗೆ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸಲು, ಅಂದರೆ ನಿಷ್ಕ್ರಿಯ ದಯಾಮರಣಕ್ಕೆ, ಸುಪ್ರೀಂ ಕೋರ್ಟ್ 2018ರಲ್ಲಿ ಅವಕಾಶ ನೀಡಿ 2023ರಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು, ಅಲ್ಲಿ ಪರಿಶೀಲಿಸುವುದು ಎರಡು ವೈದ್ಯಕೀಯ ಮಂಡಳಿಗಳೇ ಹೊರತು ರಾಷ್ಟ್ರಪತಿ ಭವನವಲ್ಲ. ಜೀವ ಉಳಿಸಲೆಂದು ಇರುವ ಅಧಿಕಾರದ ಬಾಗಿಲಲ್ಲಿ ಸಾವನ್ನು ಬೇಡುವುದು ಪ್ರತಿಭಟನೆಯ ಮಾತಾಗಿ ಎದೆ ಕಲಕಬಹುದು, ಕಾನೂನಿನ ದಾರಿಯಂತೂ ಆಗಲಾರದು.

ಇನ್ನು ಅರ್ಜಿ ತಲುಪುವ ‘ರಾಷ್ಟ್ರಪತಿ ಸಚಿವಾಲಯ’ದ ಹೆಸರೂ ದಾರಿ ತಪ್ಪಿಸುವಂಥದೇ, ಏಕೆಂದರೆ ಅಲ್ಲಿ ಸಚಿವರಿಲ್ಲ, ಅದು ಕಾರ್ಯದರ್ಶಿಯೊಬ್ಬರ ನೇತೃತ್ವದಲ್ಲಿ ರಾಷ್ಟ್ರಪತಿಯವರ ಕಡತ, ಕಾರ್ಯಕ್ರಮ, ಪತ್ರವ್ಯವಹಾರಗಳನ್ನು ನೋಡಿಕೊಳ್ಳುವ ಕಚೇರಿ. ಸಾರ್ವಜನಿಕರ ಅಹವಾಲಿಗಾಗಿ 2009ರಲ್ಲಿ ಅದು ಅಂತರ್ಜಾಲದ ಸಹಾಯವಾಣಿಯನ್ನೂ ತೆರೆಯಿತು. ಆದರೆ ಖಾತೆ ಬದಲಾವಣೆಯ ಅಹವಾಲು ‘ಸೂಕ್ತ ಕ್ರಮಕ್ಕಾಗಿ’ ಎಂಬ ಒಕ್ಕಣೆ ಹೊತ್ತು ರಾಜ್ಯ ಸರ್ಕಾರಕ್ಕೆ, ಅಲ್ಲಿಂದ ಜಿಲ್ಲಾಧಿಕಾರಿಗೆ, ಕೊನೆಗೆ ತಹಶೀಲ್ದಾರರಿಗೆ ಇಳಿದು, ಅರ್ಜಿದಾರ ಯಾವ ಮೇಜಿನಿಂದ ಬೇಸತ್ತು ದೆಹಲಿಗೆ ಬರೆದನೋ ಅದೇ ಮೇಜಿನಿಂದ ಅವನಿಗೆ ಹಿಂಬರಹ ಬರುತ್ತದೆ.

ದಯಾ ಅರ್ಜಿಯ ತೀರ್ಮಾನ ರಾಷ್ಟ್ರಪತಿಯವರ ವೈಯಕ್ತಿಕ ಕರುಣೆಗೆ ಬಿಟ್ಟದ್ದೆಂಬುದೂ ತಪ್ಪು. 74ನೇ ವಿಧಿಯಂತೆ ಅಲ್ಲಿಯೂ ಮಂತ್ರಿಮಂಡಲದ ಸಲಹೆಯೇ ನಡೆಯುತ್ತದೆ. ಸಹಿ ತಡೆದು ಸರ್ಕಾರವನ್ನು ಮಣಿಸಬಹುದೆನ್ನುವವರು 1977ರಲ್ಲಿ ಹಂಗಾಮಿ ರಾಷ್ಟ್ರಪತಿಯಾಗಿದ್ದ ಕನ್ನಡಿಗ ಬಿ.ಡಿ. ಜತ್ತಿಯವರು ಒಂಬತ್ತು ವಿಧಾನಸಭೆಗಳ ವಿಸರ್ಜನೆಗೆ ಹಿಂಜರಿದು ಕಡೆಗೆ ಸಹಿ ಹಾಕಿದ್ದನ್ನು ನೆನೆಯಬೇಕು.

ಅರಮನೆಯ ಗಂಟೆ ಬಾರಿಸಿದರೆ ಅರಸನೇ ಇಳಿದು ಬಂದು ನ್ಯಾಯ ಕೊಡುತ್ತಾನೆಂಬ ಕಥೆಯನ್ನು ಗಣರಾಜ್ಯವಾಗಿ ಏಳು ದಶಕ ಕಳೆದರೂ ಬಿಡದ ಸಮಾಜ, ತನ್ನ ಕೈಯಳತೆಯಲ್ಲಿರುವ ಕಾನೂನನ್ನು ಓದುವ ಗೋಜಿಗೆ ಹೋಗುವುದಿಲ್ಲ. ಗೊತ್ತಾದ ಗಡುವಿನಲ್ಲಿ ಸೇವೆ ಸಿಗದಿದ್ದರೆ ಮೇಲ್ಮನವಿ ಸಲ್ಲಿಸುವ ಹಕ್ಕನ್ನು ಕೊಡುವ ಸಕಾಲ ಕಾಯ್ದೆ ಕರ್ನಾಟಕದಲ್ಲಿ 2012ರಿಂದಲೇ ಜಾರಿಯಲ್ಲಿದೆ. ಆ ಮೇಲ್ಮನವಿ ಬರೆಯಲು ದೆಹಲಿಯ ವಿಳಾಸ ಬೇಕಿಲ್ಲ.