ಅತ್ತಾವರದಿಂದ ಹೊರಟರೆ

ಇಂಗ್ಲೆಂಡಿನ ಯಾರ್ಕ್ ಪಟ್ಟಣಕ್ಕೆ ಹೋದವರು ಹಳೆಯ ಕೋಟೆಗೋಡೆಯ ಮೇಲೆ ನಡೆಯುತ್ತಲೇ ಊರನ್ನು ನೋಡಬಹುದು. ನಮ್ಮ ಮಂಗಳೂರಿಗೆ ಅಂಥ ಗೋಡೆಯಿಲ್ಲ. ಇಲ್ಲಿ ನೋಡತಕ್ಕವು ಗುಡ್ಡಕ್ಕೊಂದು, ಹೊಳೆಯ ದಡಕ್ಕೊಂದು ಎಂಬಂತೆ ಚೆದರಿಹೋಗಿವೆ. ತಾವು ಸೆಂಟ್ರಲ್ ನಿಲ್ದಾಣದಲ್ಲಿ ರೈಲಿಳಿದರೆ ನಮ್ಮ ಅತ್ತಾವರ ಮಗ್ಗುಲಲ್ಲೇ ಇದೆ. ಕೈಯಲ್ಲಿರುವುದು ಒಂದೇ ದಿನ ಎನ್ನುವವರಿಗಾಗಿ ಈ ನಾಲ್ಕು ಮಾತು.

ಬೆಳಗ್ಗೆ ಮೊದಲು ಕದ್ರಿ. ಮಂಜುನಾಥನ ದರ್ಶನ ಮುಗಿಸಿ ಹಿಂದಿರುಗಿಬಿಡುವವರೇ ಹೆಚ್ಚು; ತಾವು ಹಾಗೆ ಮಾಡದೆ ಲೋಕೇಶ್ವರನ ಕಂಚಿನ ಮೂರ್ತಿಯ ಮುಂದೆ ಕೊಂಚ ನಿಲ್ಲಬೇಕು. ಮೂರು ಮುಖ, ಆರು ಕೈ. ಪೀಠದಲ್ಲಿರುವ ಸಂಸ್ಕೃತ ಶಾಸನದಂತೆ ಇದನ್ನು ಆಳುಪ ದೊರೆ ಕುಂದವರ್ಮನು ಕ್ರಿ.ಶ. 968ರಲ್ಲಿ ಕದರಿಕಾ ವಿಹಾರದಲ್ಲಿ ಪ್ರತಿಷ್ಠೆ ಮಾಡಿಸಿದನು. ವಿಹಾರವೆಂಬುದು ಬೌದ್ಧರ ಮಾತು. ಆದರೆ ಅದೇ ಶಾಸನವು ಅರಸನನ್ನು ಶಿವಭಕ್ತನೆಂದು ಹೊಗಳುತ್ತದೆ! ವಿದ್ವಾಂಸರ ಚರ್ಚೆಗೆ ಎಡೆಯಾದುದು ಇಲ್ಲಿಯೇ. ಹತ್ತಿರದಲ್ಲಿ ನಾಥಪಂಥದ ಜೋಗಿಮಠವೂ ಇದೆ. ‘ಕದರಿಕಾ’ ಎಂಬ ಹೆಸರು ಸಾವಿರ ವರ್ಷ ಜನರ ನಾಲಗೆಯ ಮೇಲೆ ಉರುಳಿ ‘ಕದ್ರಿ’ಯಾಯಿತು, ಸವೆದದ್ದು ಎರಡೇ ಅಕ್ಷರ.

ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದಲ್ಲಿ ಇಟಲಿಯ ಅಂತೋನಿಯೊ ಮೊಸ್ಕೆನಿ ಎಂಬ ಬ್ರದರು 1899ರಿಂದ ಸುಮಾರು ಎರಡು ವರ್ಷ ದುಡಿದು ಬಿಡಿಸಿದ ಚಿತ್ರಗಳಿವೆ. ಕತ್ತು ನೋಯುವವರೆಗೆ ನೋಡಿರಿ. ಸಂಜೆಗೆ ಬೋಳೂರಿನ ಸುಲ್ತಾನ್ ಬತ್ತೇರಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಕಾವಲುಬುರುಜು. ಬುರುಜು ಚಿಕ್ಕದು, ಎದುರಿನ ಹೊಳೆ ದೊಡ್ಡದು.

ಇನ್ನೊಂದು ವಸ್ತುವನ್ನು ಯಾವ ಮಾರ್ಗದರ್ಶಿಯೂ ತೋರಿಸುವುದಿಲ್ಲ, ತಾವೇ ತಲೆಯೆತ್ತಿ ನೋಡಬೇಕು. ಅದು ಮಂಗಳೂರು ಹಂಚು. ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಎಂಬಾತನು 1865ರಲ್ಲಿ ನಮ್ಮ ನೆರೆಯ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದನು. ಹೊಳೆದಡದ ಜೇಡಿಮಣ್ಣನ್ನು ಹದಮಾಡಿ, ಯಂತ್ರದಲ್ಲಿ ಒತ್ತಿ, ನೆರಳಲ್ಲಿ ಒಣಗಿಸಿ, ಗೂಡಿನಲ್ಲಿ ಸುಡುವರು. ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂರುವುದರಿಂದ ಆಷಾಢದ ಮಳೆಗೂ ಮನೆ ಸೋರದು. ಅತ್ತಾವರದಲ್ಲಿ ಈಗ ಹಂಚಿನ ಮನೆಗಳು ಒಂದೊಂದಾಗಿ ಕೆಡವಲ್ಪಟ್ಟು ಬಹುಮಹಡಿಗಳು ಏಳುತ್ತಿವೆ. ಬೇಡವೆನ್ನಲು ನಾನಾರು? ನಮ್ಮ ತಂದೆಯವರ ಮನೆಯನ್ನು ಕೆಡವಿದಾಗ ನಾನೂ ಹೂಂ ಎಂದವನೇ. ಒಂದು ಹಂಚನ್ನು ಮಾತ್ರ ಎತ್ತಿಟ್ಟುಕೊಂಡೆ. ಅದರ ಒಳಮೈಯಲ್ಲಿ ಕಾರ್ಖಾನೆಯ ಹೆಸರು ಉಬ್ಬಕ್ಷರದಲ್ಲಿದೆ. ತರಗತಿಗೆ ಒಯ್ದರೆ ಹುಡುಗರು ಶಾಸನವನ್ನೋದುವಂತೆ ಬೆರಳಾಡಿಸಿ ಓದುತ್ತಾರೆ. ತಮ್ಮ ಮನೆಯ ಮಾಡು ಇಳಿಸುವ ದಿನ ಬಂದರೆ, ಲಾರಿಗೆ ತುಂಬುವ ಮುನ್ನ ಹಂಚನ್ನೊಮ್ಮೆ ಮಗುಚಿ ನೋಡಿರಿ.